ಅಳಿವೆಯ ಜೀವಂತ ಸಿಗಡಿಗೂ ಸಕಲೇಶಪುರದ ಮಳೆಗೂ ಇರುವ ನಂಟು

ಸಕಲೇಶಪುರದ ಬೆಟ್ಟಗಳಲ್ಲಿ ಬೀಳುವ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಒಂದು ಪಾಲು ಹೇಮಾವತಿಯನ್ನು ಸೇರಿ, ಗೊರೂರು ಅಣೆಕಟ್ಟನ್ನು ದಾಟಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಘಟ್ಟದ ಪಡುವಣ ಇಳಿಜಾರಿನಲ್ಲಿ ಬಿದ್ದ ನೀರು ಎತ್ತಿನಹೊಳೆ, ಕೆಂಪುಹೊಳೆಗಳಾಗಿ ಇಳಿದು ಕುಮಾರಧಾರೆಯನ್ನು ಸೇರುತ್ತದೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಉಳ್ಳಾಲ, ಬೆಂಗ್ರೆಗಳ ನಡುವಿನ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಆ ಅಳಿವೆಯಲ್ಲಿ ಗಾಳ ಹಾಕುವವರ ಅಚ್ಚುಮೆಚ್ಚಿನ ಎರೆ ಜೀವಂತ ಸಿಗಡಿ. ಘಟ್ಟದ ಮೇಲಿನ ನೀರಿಗೂ ಕೆಳಗಿನ ಈ ಎರೆಗೂ ಇರುವ ಸಂಬಂಧವನ್ನು ನಾವು ಇಲ್ಲಿ ತಿಳಿದುಕೊಳ್ಳೋಣ.

ಸತ್ತ ಸಿಗಡಿ ಅಗ್ಗವಾಗಿ ಸಿಗುವಾಗ ಜೀವಂತ ಸಿಗಡಿಯೇ ಏಕೆ ಬೇಕು? ಅಳಿವೆಯ ನೀರು ಹೆಚ್ಚಾಗಿ ಕಲಕಿರುತ್ತದೆ, ಕಣ್ಣಿನಿಂದ ಮಾತ್ರ ಬೇಟೆಯಾಡುವುದು ಮೀನಿಗೆ ಕಷ್ಟ. ಮೀನಿನ ಎರಡೂ ಪಕ್ಕೆಗಳಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ಗುರುತಿಸುವ ಒಂದು ಗೆರೆಯಿದೆ. ಬೆದರಿದ ಸಿಗಡಿ ಬಾಲವನ್ನು ಮಡಚಿ ಫಕ್ಕನೆ ಹಿಂದಕ್ಕೆ ಚಿಮ್ಮಿದಾಗ ಆ ಅಲುಗಾಟ ಮೀನಿಗೆ ತಲುಪುತ್ತದೆ. ಗೋವಾದವರು ಚೊಣಕ್ ಎನ್ನುವ ಸೀಬಾಸ್‌ನಂಥ ಬೇಟೆಗಾರ ಮೀನುಗಳು ಇದಕ್ಕೆ ಬೇಗ ಮರುಳಾಗುತ್ತವೆ.

ಕೆಲಸ ಸುಲಭ, ಆದರೆ ನಾಜೂಕು ಬೇಕು. ಬೀಸು ಬಲೆಯಿಂದ ಹಿಡಿದ ಸಿಗಡಿಯನ್ನು ಅದೇ ಅಳಿವೆಯ ನೀರು ತುಂಬಿದ ಬಕೆಟ್ಟಿನಲ್ಲಿ ನೆರಳಿನಲ್ಲಿಡಬೇಕು. ಒಂದೇ ಬಕೆಟ್ಟಿನಲ್ಲಿ ತುಂಬಾ ಸಿಗಡಿ ತುಂಬಿಸಬಾರದು, ನೀರನ್ನು ಆಗಾಗ ಬದಲಾಯಿಸಬೇಕು. ನಲ್ಲಿಯ ನೀರು ಹಾಕಿದರೆ ಕ್ಲೋರಿನ್‌ನಿಂದಲೂ ಉಪ್ಪು ಕಡಿಮೆಯಾದುದರಿಂದಲೂ ಅದು ಸಾಯುತ್ತದೆ. ಸಿಗಡಿಯ ತಲೆಯ ಚಿಪ್ಪಿನೊಳಗೆ ಕಾಣುವ ಕಪ್ಪು ಭಾಗಕ್ಕೆ ತಾಗದಂತೆ, ಅದರ ಮುಂದೆ ಕೊಂಬಿನ ಬುಡದಲ್ಲಿ ಸಣ್ಣ, ತೆಳ್ಳಗಿನ ಗಾಳವನ್ನು ಚುಚ್ಚುತ್ತಾರೆ. ಬಾಲದ ಬಳಿ ಚುಚ್ಚುವವರೂ ಇದ್ದಾರೆ. ತಂಗೂಸಿಗೆ ಕಟ್ಟುವ ಸೀಸದ ಗುಂಡು ಹಗುರವಾಗಿದ್ದರೆ ಮಾತ್ರ ಸಿಗಡಿ ತನ್ನಿಷ್ಟದಂತೆ ಈಜುತ್ತದೆ. ಭರತದ ನೀರು ಏರುವಾಗ ಮೀನುಗಳು ಸಮುದ್ರದಿಂದ ಒಳಗೆ ಬರುವುದರಿಂದ ಅನುಭವಿಗಳು ಆ ಹೊತ್ತನ್ನು ಕಾಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆರೆಯಲ್ಲಿ ಸಾಕಿದ ಸಿಗಡಿಯನ್ನು ಅಂಗಡಿಯಿಂದ ತಂದು ಎರೆಯಾಗಿ ಬಳಸಬಾರದು. ಬಿಳಿ ಚುಕ್ಕೆ ರೋಗದ ವೈರಾಣು ಮನುಷ್ಯರಿಗೆ ತೊಂದರೆ ಮಾಡದಿದ್ದರೂ ಸಿಗಡಿ, ಏಡಿಗಳಿಗೆ ಮಾರಕ. 1990ರ ದಶಕದ ಮಧ್ಯದಲ್ಲಿ ಇದು ನಮ್ಮ ದೇಶದ ಸಿಗಡಿ ಕೃಷಿಯನ್ನು ನೆಲಕಚ್ಚಿಸಿತು. 2016ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಲೋಗನ್ ನದಿಯ ಬಳಿ ಈ ರೋಗ ಕಾಣಿಸಿಕೊಂಡಾಗ, ಆಮದು ಮಾಡಿದ ಸಿಗಡಿಯನ್ನು ಎರೆಯಾಗಿ ಬಳಸಿದ್ದೂ ಕಾರಣವಿರಬಹುದೆಂಬ ಶಂಕೆ ಮೂಡಿತು. ಆದ್ದರಿಂದ ಆಯಾ ಅಳಿವೆಯ ಸಿಗಡಿಯೇ ಅಲ್ಲಿಗೆ ಕ್ಷೇಮ.

ಈ ಸಿಗಡಿ ಅಳಿವೆಗೆ ಎಲ್ಲಿಂದ ಬರುತ್ತದೆ? ಬಿಳಿ ಸಿಗಡಿಯಂಥ ಜಾತಿಗಳು ಕಡಲಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ರೂಪ ಬದಲಿಸಿಕೊಂಡು ಭರತದೊಡನೆ ಅಳಿವೆಯನ್ನು ಹೊಗುತ್ತವೆ. ಕೆಲವು ತಿಂಗಳು ಅಲ್ಲೇ ಬೆಳೆದು ಮೊಟ್ಟೆಯಿಡಲು ಮರಳಿ ಕಡಲಿಗೆ ಹೋಗುತ್ತವೆ. ಸಿಹಿನೀರಿನ ದೊಡ್ಡ ಸಿಗಡಿಯದು ಇದಕ್ಕೆ ತದ್ವಿರುದ್ಧ. ಅದು ಬಾಳುವುದು ಹೊಳೆಯಲ್ಲಿ, ಆದರೆ ಅದರ ಮರಿ ಬದುಕಲು ಉಪ್ಪು ಬೆರೆತ ನೀರು ಬೇಕೇ ಬೇಕು. ಹೀಗೆ ಎರಡಕ್ಕೂ ಅಳಿವೆಯೇ ತೊಟ್ಟಿಲು. ಅದು ತೊಟ್ಟಿಲಾಗಿ ಉಳಿಯಬೇಕಾದರೆ ಸಿಹಿನೀರೂ ಉಪ್ಪುನೀರೂ ಅಲ್ಲಿ ಬೆರೆಯುತ್ತಿರಬೇಕು. ಮಳೆಗಾಲದ ನೆರೆ ಕಾಡಿನ ಕೊಳೆತ ಎಲೆ, ಮಣ್ಣಿನ ಸತ್ವವನ್ನು ಹೊತ್ತು ತರುತ್ತದೆ, ಅಳಿವೆ ಬಾಯಿಯ ಮರಳನ್ನು ತೊಳೆದು ದಾರಿ ತೆರೆಯುತ್ತದೆ.

ಈ ಕಾರಣಕ್ಕೆ ಸಕಲೇಶಪುರದ ಸುದ್ದಿ ಕಡಲ ಮಕ್ಕಳಿಗೆ ದೂರದ ಸುದ್ದಿಯಲ್ಲ. ಅಲ್ಲಿನ ಹೊಳೆಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ, ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದಂಥ ಬಾಯಾರಿದ ಜಿಲ್ಲೆಗಳ ಜನರ ಅಗತ್ಯ ನಿಜವಾದದ್ದೇ. ಅವರ ಕೊಡಕ್ಕೆ ನೀರು ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ನೆರೆಯ ನೀರು ಹೇಗೂ ಕಡಲಿಗೆ ಹೋಗಿ ವ್ಯರ್ಥವಾಗುತ್ತದೆ ಎಂಬುದು ಯೋಜನೆಯ ಪರ ಇರುವವರ ವಾದ. ಆದರೆ ಅಳಿವೆಯ ಲೆಕ್ಕದಲ್ಲಿ ಆ ನೀರು ವ್ಯರ್ಥವಲ್ಲ. ಸಿಗಡಿಯ ಮರಿ, ಅದನ್ನು ತಿನ್ನುವ ಮೀನು, ಮೀನನ್ನು ನಂಬಿದ ನಾಡದೋಣಿಯವರ ಒಲೆ, ಎಲ್ಲವೂ ಅದರ ಮೇಲೆ ನಿಂತಿವೆ.

ಮೇಲಿನಿಂದ ಎಷ್ಟು ನೀರು ಎತ್ತಲಾಯಿತು ಎಂಬುದನ್ನು ಅಳೆಯುವಂತೆಯೇ, ಕೆಳಗೆ ಅಳಿವೆಯ ಉಪ್ಪಿನಂಶವನ್ನೂ ಸಿಗಡಿ ಮರಿಗಳ ಪ್ರಮಾಣವನ್ನೂ ವರ್ಷವರ್ಷವೂ ಅಳೆದು ಜನರ ಮುಂದಿಡಬೇಕು. ನಾವು ಕೇಳಬೇಕಾದುದು ಇಷ್ಟೇ. ಗಾಳ ಹಾಕುವವರೂ ತಮ್ಮ ಪಾಲಿನ ಕರ್ತವ್ಯ ಮರೆಯಬಾರದು. ಬೇಕಾದಷ್ಟೇ ಸಿಗಡಿ ಹಿಡಿಯೋಣ, ತೀರಾ ಸಣ್ಣ ಮರಿಗಳನ್ನು ಅಲ್ಲೇ ಬಿಡೋಣ, ತುಂಡಾದ ತಂಗೂಸಿಯನ್ನು ನೀರಿಗೆಸೆಯದೆ ಮನೆಗೆ ಒಯ್ಯೋಣ. ಬೆಟ್ಟದವರೂ ಕಡಲಿನವರೂ ಒಂದೇ ಹೊಳೆಯ ಎರಡು ತುದಿಗಳಲ್ಲಿ ಬದುಕುತ್ತಿರುವವರು ಎಂಬುದು ನಮ್ಮ ನೆನಪಿನಲ್ಲಿರಲಿ.