ಬಿದ್ದದ್ದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ನೆಲಕ್ಕೆ ದಪ್ಪನೆಯ ಹಾಸಿಗೆ ಹಾಸಿದ್ದಾರೆ. ಸೊಂಟಕ್ಕೆ ಪುಟ್ಟ ಪೆಟ್ಟಿಗೆ ಕಟ್ಟಿಕೊಂಡ ಕಾಲೇಜು ಹುಡುಗನೊಬ್ಬ ಅದರ ಮೇಲೆ ಬೀಳುತ್ತಾನೆ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಪಕ್ಕಕ್ಕೊಮ್ಮೆ. ಎದ್ದು ಮತ್ತೆ ಬೀಳುತ್ತಾನೆ. ವಯಸ್ಸಾದವರು ಬಿದ್ದರೆ ತಾನಾಗಿ ಮನೆಯವರಿಗೆ ಸುದ್ದಿ ಮುಟ್ಟಿಸುವ ಯಂತ್ರಗಳನ್ನು ಬಹುಕಾಲ ಪರೀಕ್ಷಿಸಿದ್ದು ಹೀಗೆಯೇ. ಬೇರೆ ದಾರಿಯೂ ಇರಲಿಲ್ಲ ಅನ್ನಿ. ಎಂಬತ್ತು ದಾಟಿದ ಅಜ್ಜಿಯನ್ನು ಕರೆತಂದು 'ಸ್ವಲ್ಪ ಬಿದ್ದು ತೋರಿಸಿ' ಎನ್ನಲು ಯಾವ ವಿಜ್ಞಾನಿಗೆ ಬಾಯಿ ಬಂದೀತು?

ಪೆಟ್ಟಿಗೆಯೊಳಗೆ ಇರುವುದು ಆಕ್ಸಿಲರೋಮೀಟರ್. ನಿಮ್ಮ ಮೊಬೈಲನ್ನು ಅಡ್ಡ ತಿರುಗಿಸಿದಾಗ ಚಿತ್ರವೂ ತಿರುಗುವುದು ಇದರಿಂದಲೇ. ಸಿಲಿಕಾನ್ ಚೂರಿನೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗುಗಳಿಗೆ ತೂಗುಬಿದ್ದ ಒಂದು ತುಣುಕು. ಅದರ ಅಂಚಿಗೆ ಬಾಚಣಿಗೆಯ ಹಲ್ಲುಗಳು, ಎದುರಿಗೆ ಅಲುಗಾಡದ ಇನ್ನೊಂದು ಸಾಲು ಹಲ್ಲು. ತುಣುಕು ಅಲುಗಿದರೆ ಹಲ್ಲುಗಳ ನಡುವಿನ ಅಂತರ ಬದಲಾಗುತ್ತದೆ, ಅಲ್ಲಿ ಕೂಡಿಕೊಳ್ಳುವ ವಿದ್ಯುದಾವೇಶವೂ ಬದಲಾಗುತ್ತದೆ. ಸುಮ್ಮನೆ ನಿಂತಿದ್ದರೆ ಅದು ತೋರಿಸುವುದು ಒಂದು 'ಜಿ', ಅಂದರೆ ಭೂಮಿಯ ಸೆಳೆತದಷ್ಟು. ಕೈಬಿಟ್ಟ ವಸ್ತು ಬೀಳುತ್ತಿರುವಾಗ ಸೊನ್ನೆಯ ಹತ್ತಿರ ಇಳಿಯುತ್ತದೆ. ನೆಲಕ್ಕೆ ಬಡಿದಾಗ ಎರಡು-ಮೂರು ಜಿ ದಾಟಿ ಚಿಮ್ಮುತ್ತದೆ. ಆಮೇಲೆ ಅಡ್ಡಲಾಗಿ, ಅಲುಗಾಡದೆ ಬಿದ್ದಿರುತ್ತದೆ. ಇಳಿತ, ಹೊಡೆತ, ಅಡ್ಡಾಗುವುದು, ನಿಶ್ಚಲತೆ: ಈ ನಾಲ್ಕೂ ಒಂದರ ಹಿಂದೊಂದು ಬಂದರೆ ಮನುಷ್ಯ ಬಿದ್ದಿದ್ದಾನೆ ಎಂದು ಯಂತ್ರ ತೀರ್ಮಾನಿಸುತ್ತದೆ. 2018ರಲ್ಲಿ ಆ್ಯಪಲ್ ವಾಚ್ ಈ ಕೆಲಸಕ್ಕೆ ಇಳಿದದ್ದೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ. ಜೋರಾಗಿ ಬಿದ್ದವರು ಒಂದು ನಿಮಿಷ ಅಲುಗದಿದ್ದರೆ ವಾಚು ತಾನಾಗಿಯೇ ತುರ್ತು ಸಂಖ್ಯೆಗೆ ಕರೆ ಮಾಡುತ್ತದೆ.

ಇಷ್ಟು ಅವಸರ ಏಕೆಂದರೆ, ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಉಳಿಯುವುದು ಕೆಲವೊಮ್ಮೆ ಹೆಚ್ಚು ಅಪಾಯ. ತಾಸುಗಟ್ಟಲೆ ಒಂದೇ ಮಗ್ಗುಲಲ್ಲಿ ಒತ್ತಿಕೊಂಡ ಸ್ನಾಯುವಿನ ಕೋಶಗಳು ಒಡೆಯತೊಡಗುತ್ತವೆ. ಅದರಿಂದ ರಕ್ತಕ್ಕೆ ಸೇರುವ ಪ್ರೋಟೀನು ಮೂತ್ರಪಿಂಡವನ್ನು ಕೆಡಿಸುತ್ತದೆ. ಮೇಲಿಂದ ನೀರಡಿಕೆ, ಚಳಿ.

ಹಾಸಿಗೆಯ ಮೇಲೆ ಬಿದ್ದ ಹುಡುಗರ ಲೆಕ್ಕದಲ್ಲಿ ಈ ಯಂತ್ರಗಳು ನೂರಕ್ಕೆ ನೂರರ ಆಸುಪಾಸಿನ ಅಂಕ ಗಳಿಸಿದ್ದವು. 2012ರಲ್ಲಿ ಯುರೋಪಿನ ಸಂಶೋಧಕರು ಅಲ್ಲಿಯವರೆಗೆ ಪ್ರಕಟವಾಗಿದ್ದ 13 ಬಗೆಯ ಲೆಕ್ಕಾಚಾರಗಳನ್ನು ತೆಗೆದುಕೊಂಡು, ಸಂವೇದಕ ಕಟ್ಟಿಕೊಂಡಿದ್ದವರು ನಿಜಕ್ಕೂ ಬಿದ್ದ 29 ಸಂದರ್ಭಗಳಿಗೆ ಒರೆಹಚ್ಚಿದರು. ಸರಾಸರಿಯಲ್ಲಿ ಹಿಡಿದದ್ದು ನೂರಕ್ಕೆ 57ನ್ನು ಮಾತ್ರ. ಸುಳ್ಳು ಕೂಗಿನ ಕಥೆ ಇನ್ನೂ ಕಷ್ಟ: ದಿನವೊಂದಕ್ಕೆ 3ರಿಂದ 85. ವರ್ಷಕ್ಕೆ ಎರಡು ಸಲ ಬೀಳುವವರ ಮನೆಯಲ್ಲಿ ದಿನಕ್ಕೊಂದೇ ಸುಳ್ಳು ಕೂಗು ಎಂದುಕೊಂಡರೂ, ಎರಡು ನಿಜಕ್ಕೆ 365 ಸುಳ್ಳು. ಮೂರನೆಯ ವಾರಕ್ಕೆ ಮಗಳು ಆ ಸದ್ದನ್ನು ಮ್ಯೂಟ್ ಮಾಡಿರುತ್ತಾಳೆ.

ಎಡವಟ್ಟಾದದ್ದು ಎಲ್ಲಿ? ಹುಡುಗರು ಬೀಳುವಂತೆ ಮುದುಕರು ಬೀಳುವುದಿಲ್ಲ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು 2007ರಿಂದ 2010ರವರೆಗೆ ಎರಡು ವೃದ್ಧಾಶ್ರಮಗಳ ಊಟದ ಕೋಣೆ, ಪಡಸಾಲೆ, ಕಾರಿಡಾರುಗಳಲ್ಲಿ ಕ್ಯಾಮೆರಾ ಇಟ್ಟು, 130 ಮಂದಿ ಬಿದ್ದ 227 ದೃಶ್ಯಗಳನ್ನು ಹಿಡಿದರು. ನೋಡಲು ಸಂಕಟವಾಗುವ ಸಂಗ್ರಹ, ಆದರೆ ಬಹು ಬೆಲೆಯದು. ಜಾರಿ ಬಿದ್ದವರು ನೂರಕ್ಕೆ 3 ಮಾತ್ರ. (ಬಚ್ಚಲಲ್ಲಿ ಕ್ಯಾಮೆರಾ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.) ಎಡವಿದವರು 21. ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ 41, ಮೈಭಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುವಾಗ ಹದ ತಪ್ಪಿ ಬಿದ್ದವರು. ಕುರ್ಚಿಯಲ್ಲಿ ಕೂರಲು ಹೋಗಿ, ತಿರುಗಲು ಹೋಗಿ, ಸುಮ್ಮನೆ ನಿಂತಿದ್ದಾಗಲೂ. ಹೀಗೆ ಬೀಳುವಾಗ ಮೇಜಿನ ಅಂಚು ಸಿಕ್ಕರೆ ಹಿಡಿಯುತ್ತಾರೆ, ಗೋಡೆಗೆ ಆತುಕೊಂಡು ಕುಸಿಯುತ್ತಾರೆ. ಸೊಂಟದೆತ್ತರದಿಂದ ಕಲ್ಲು ಬೀಳಲು ಅರ್ಧ ಸೆಕೆಂಡೂ ಬೇಡ. ಹೀಗೆ ಕುಸಿಯುವವರು ಅದಕ್ಕಿಂತ ನಿಧಾನವಾಗಿ ನೆಲ ಸೇರುತ್ತಾರೆ. ಯಂತ್ರ ಕಾಯುತ್ತಿದ್ದ ಇಳಿತವೂ ಇಲ್ಲ, ಹೊಡೆತವೂ ಇಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕುರ್ಚಿ-ಮಂಚಗಳ ನಡುವೆ ಬದುಕುವವರನ್ನು ನೋಡಿ ಬರೆದ ಲೆಕ್ಕಾಚಾರಕ್ಕೆ, ನೆಲದಲ್ಲಿ ಕೂತು ಸೊಪ್ಪು ಬಿಡಿಸುವ, ದೇವರ ಮುಂದೆ ಉದ್ದಂಡ ಅಡ್ಡಬೀಳುವ, ಮಧ್ಯಾಹ್ನ ತಣ್ಣನೆಯ ನೆಲದ ಮೇಲೆ ಹಾಗೇ ಒರಗುವ ಜೀವ ಅರ್ಥವಾಗುವುದು ಕಷ್ಟ. ಬೆಂಗಳೂರಿನಲ್ಲಿ ಮಾರುವ ಯಂತ್ರವನ್ನು ಇಲ್ಲಿನ ಅಜ್ಜ-ಅಜ್ಜಿಯರ ದಿನಚರಿಯಲ್ಲಿಟ್ಟು ಪರೀಕ್ಷಿಸಿದ್ದಾರೆಯೇ ಎಂದು ಅಂಗಡಿಯವನನ್ನು ಕೇಳುವುದರಲ್ಲಿ ತಪ್ಪಿಲ್ಲ.

ಲೆಕ್ಕಾಚಾರದ ಗೋಜೇ ಬೇಡ, ಕೊರಳಿಗೆ ಒಂದು ಗುಂಡಿ ತೂಗುಹಾಕಿ, ಬಿದ್ದರೆ ಒತ್ತಲಿ ಎಂದರೆ? ಕೇಂಬ್ರಿಜ್‌ನಲ್ಲಿ ತೊಂಬತ್ತು ದಾಟಿದ 110 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನೂರಕ್ಕೆ 60 ಮಂದಿ ಬಿದ್ದರು. ಬಿದ್ದವರಲ್ಲಿ ನೂರಕ್ಕೆ 30 ಮಂದಿ ಒಂದು ತಾಸು ಅಥವಾ ಹೆಚ್ಚು ಹೊತ್ತು ನೆಲದಲ್ಲೇ ಇದ್ದರು. ಗುಂಡಿ ಇದ್ದೂ, ಒಬ್ಬರೇ ಇದ್ದಾಗ ಬಿದ್ದವರಲ್ಲಿ ನೂರಕ್ಕೆ 80 ಮಂದಿ ಅದನ್ನು ಒತ್ತಲೇ ಇಲ್ಲ. ಕೆಲವರಿಗೆ ಅದನ್ನು ಹಾಕಿಕೊಳ್ಳುವ ರೂಢಿಯೇ ಆಗಿರಲಿಲ್ಲ. ಕೆಲವರು ಒತ್ತಲು ನೋಡಿದರು, ಆಗಲಿಲ್ಲ. ಬೇಡವೆಂದು ತೀರ್ಮಾನಿಸಿಯೇ ಒತ್ತದವರೂ ಇದ್ದರು. ನಮ್ಮಲ್ಲಾದರೂ ಮಾತು ಹೀಗೇ ಸಾಗೀತು:

"ಅಮ್ಮಾ, ಅದನ್ನ ಹಾಕ್ಕೊಂಡಿದೀಯಾ?"

"ಇಲ್ಲೇ ಮೊಳೆಗೆ ತಗುಲಿಸಿದೀನಿ ಕಣೇ. ಸ್ನಾನಕ್ಕೆ ಹೋಗೋವಾಗ ನೆನೆದುಬಿಟ್ಟರೆ?"

ಹಾಗಾಗಿ ಕೆಲವರು ಮೈಮೇಲೆ ಏನನ್ನೂ ಹೇರದೆ ಮನೆಯನ್ನೇ ಸಜ್ಜುಗೊಳಿಸಲು ಹೊರಟರು. ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ 2004ರಲ್ಲಿ ಶುರುವಾದ ಟೈಗರ್‌ಪ್ಲೇಸ್ ಎಂಬ ಹಿರಿಯರ ವಸತಿಯಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಮರಿಲಿನ್ ರಾಂಟ್ಜ್ (ನರ್ಸಿಂಗ್ ವಿಭಾಗ) ಮತ್ತು ಮಾರ್ಜರಿ ಸ್ಕೂಬಿಕ್ (ಎಂಜಿನಿಯರಿಂಗ್) ಮಾಡಿದ್ದು ಅದನ್ನೇ. ಹಾಸಿಗೆಯ ಕೆಳಗೆ ನೀರು ತುಂಬಿದ ಕೊಳವೆ. ಮಲಗಿದವರ ಎದೆಬಡಿತ, ಉಸಿರು ಎರಡೂ ಅದರ ಒತ್ತಡದಲ್ಲಿ ಮೂಡುತ್ತವೆ. ಗೋಡೆಯ ಮೇಲೆ ವಿಡಿಯೋ ಗೇಮಿಗೆಂದು ಮಾಡಿದ ಕೈನೆಕ್ಟ್ ಸಾಧನ. ಅದರಿಂದ ಅವರು ಮುಖವನ್ನು ತೆಗೆದುಕೊಳ್ಳಲಿಲ್ಲ, ಆಕೃತಿಯ ಆಳ-ಅಗಲವನ್ನಷ್ಟೇ ಅಳೆದರು. ಬಿದ್ದದ್ದನ್ನು ಕಾಯುವುದಕ್ಕಿಂತ ದಿನವೂ ನಡೆಯುವುದನ್ನು ಅಳೆಯುವುದು ಅವರ ಜಾಣತನ. ಒಂದು ವಾರದಲ್ಲಿ ನಡಿಗೆಯ ವೇಗ ಸೆಕೆಂಡಿಗೆ 5 ಸೆಂಟಿಮೀಟರು ಕುಗ್ಗಿದರೆ ಮುಂದಿನ ಮೂರು ವಾರದೊಳಗೆ ಬೀಳುವ ಸಾಧ್ಯತೆ ನೂರಕ್ಕೆ 86 ಎಂದು ಅವರ ಲೆಕ್ಕ ಹೇಳಿತು. ಐದು ಸೆಂಟಿಮೀಟರು! ಎದುರಿಗೇ ಕೂತ ಮಗನಿಗೂ ತಿಳಿಯದ ವ್ಯತ್ಯಾಸ ಅದು. ಸಂವೇದಕ ಇದ್ದ ಮನೆಯವರು ಅಲ್ಲಿ ಸರಾಸರಿ 4.3 ವರ್ಷ ಉಳಿದರು, ಇಲ್ಲದವರು 2.6 ವರ್ಷ. ಗುಂಪುಗಳನ್ನು ಚೀಟಿ ಎತ್ತಿ ಮಾಡಿದ್ದಲ್ಲ, ಆದ್ದರಿಂದ ಪೂರ್ತಿ ಶ್ರೇಯ ಯಂತ್ರಕ್ಕೆ ಕೊಡಲಾಗದು. ಆದರೂ ಒಂದು ಮಾತು ನಿಜ: ಅಲ್ಲಿ ಎಚ್ಚರಿಕೆಯ ಸಂದೇಶವನ್ನು ಓದಿ, ಅದೇ ದಿನ ಬಾಗಿಲು ತಟ್ಟುವ ನರ್ಸ್ ಇದ್ದರು.

ಇಂಗ್ಲೆಂಡಿನಲ್ಲಿ ಸರ್ಕಾರವೇ ಚೀಟಿ ಎತ್ತಿದ ಹಾಗೆ ಪರೀಕ್ಷೆ ನಡೆಸಿತು. 2008ರಲ್ಲಿ ಕಾರ್ನ್‌ವಾಲ್, ಕೆಂಟ್ ಮತ್ತು ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ ಆರಂಭವಾದ ಆ ಪ್ರಯೋಗದ ಒಂದು ಭಾಗದಲ್ಲಿ, ಆಸರೆ ಬೇಕಿದ್ದ 2,600 ಮಂದಿಯಲ್ಲಿ ಕೆಲವರ ಮನೆಗೆ ಇಂಥ ಎಚ್ಚರಿಕೆ ಸಾಧನಗಳನ್ನು ಕೂರಿಸಿದರು. ವರ್ಷದೊಳಗೆ ಆಸ್ಪತ್ರೆ ಸೇರಿದವರು: ಸಾಧನ ಇದ್ದವರಲ್ಲಿ ನೂರಕ್ಕೆ 46.8, ಇಲ್ಲದವರಲ್ಲಿ 49.2. ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸವೇ ಅಲ್ಲ.

ನನಗಂತೂ ಪರೀಕ್ಷೆಯ ಗಡಿಯಾರ ಓಡಬೇಕಾದದ್ದು ಬಿದ್ದ ಕ್ಷಣದಿಂದ ಕೈಹಿಡಿದು ಎಬ್ಬಿಸುವವರು ಒಳಗೆ ಕಾಲಿಡುವ ತನಕ ಎನಿಸುತ್ತದೆ. ಯಂತ್ರ ಕೂಗಿತು ಸರಿ, ಕೂಗು ಮುಟ್ಟಿದ್ದು ಯಾರಿಗೆ? ಕ್ಯಾಲಿಫೋರ್ನಿಯಾದ ಮಗನಿಗೆ ಮುಟ್ಟಿದರೆ ಅವನು ಪಕ್ಕದ ಮನೆಯವರಿಗೆ ಫೋನು ಮಾಡಬೇಕು, ಅವರು ಎತ್ತಬೇಕು. ಬ್ರಿಟನ್ನಿನಲ್ಲಿ ಇಂಥ ಸೇವೆ ಪಡೆವ ಎಷ್ಟೋ ಮನೆಗಳ ಹೊರಗೋಡೆಗೆ ಅಂಕಿ ಒತ್ತಿದರೆ ತೆರೆಯುವ, ಬೀಗದ ಕೈ ಇಡುವ ಸಣ್ಣ ಪೆಟ್ಟಿಗೆ ಇರುತ್ತದೆ. ನಮ್ಮವರು ರಾತ್ರಿ ಮಲಗುವ ಮುಂಚೆ ಒಳಗಿನಿಂದ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕುತ್ತಾರೆ. ಅದಕ್ಕೆ ಬೀಗದ ಕೈ ಇದ್ದರೂ ಉಪಯೋಗವಿಲ್ಲ. ಯಂತ್ರ ತರುವ ದಿನವೇ ಬಡಗಿಯನ್ನೂ ಕರೆಸಿ ಆ ಚಿಲಕಗಳನ್ನು ತೆಗೆಸಿ, ಒಳಗಿಂದಲೂ ಹೊರಗಿಂದಲೂ ತೆರೆಯುವ ಬೀಗ ಹಾಕಿಸುವುದು ಒಳ್ಳೆಯದು.