ದೆವ್ವದ ತೂಕ ಎರಡೂವರೆ ಕ್ವಿಂಟಾಲ್

208 ಪುಟದ ಒಂದು ದೆವ್ವದ ಕಾದಂಬರಿಯನ್ನು ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಎಷ್ಟು ತೂಗೀತು? ಡೆಮಿ 1/8 ಆಕಾರದಲ್ಲಿ ಒಂದು ಫಾರ್ಮಿಗೆ 16 ಪುಟ. 208 ಪುಟಕ್ಕೆ 13 ಫಾರ್ಮು, ಅಂದರೆ ಪುಸ್ತಕವೊಂದಕ್ಕೆ 13 ದೊಡ್ಡ ಹಾಳೆ. ಸಾವಿರ ಪ್ರತಿಗೆ 13,000 ಹಾಳೆ, ರೀಮಿಗೆ 500ರಂತೆ 26 ರೀಮು. 70 ಜಿಎಸ್‌ಎಂ ಕಾಗದವಾದರೆ ಹಾಳೆಯೊಂದು ಹೆಚ್ಚುಕಡಿಮೆ 18 ಗ್ರಾಂ ತೂಗುತ್ತದೆ. ರಕ್ಷಾಪುಟ, ಅಂಟು ಎಲ್ಲ ಸೇರಿ ಪ್ರತಿಯೊಂದು ಕಾಲು ಕಿಲೋ. ಸಾವಿರ ಪ್ರತಿ ಎರಡೂವರೆ ಕ್ವಿಂಟಾಲ್, ಐದು ಮೂಟೆ ರಾಗಿಯಷ್ಟು! ಒಂದರ ಮೇಲೊಂದು ಪೇರಿಸಿದರೆ 11 ಮೀಟರ್ ದಾಟುತ್ತದೆ, ಮೂರಂತಸ್ತಿನ ಮನೆಯ ಎತ್ತರ.

ದೊಡ್ಡಬಳ್ಳಾಪುರದಲ್ಲೋ ನೆಲಮಂಗಲದಲ್ಲೋ ಕೂತು, ಬರೆದು, ಸ್ವಂತ ದುಡ್ಡಿನಲ್ಲಿ ಪ್ರಕಟಿಸುವವರ ಮನೆ ಮುಂದೆ ಲಗೇಜ್ ಆಟೋದಿಂದ ಇಳಿಯುವುದು ಇಷ್ಟು. ಕಂದು ಕಾಗದ ಸುತ್ತಿ ದಾರ ಬಿಗಿದ ಕಟ್ಟುಗಳು ಮೊದಲು ಹಜಾರ ತುಂಬುತ್ತವೆ, ಆಮೇಲೆ ಮಂಚದಡಿ, ಕೊನೆಗೆ ಅಟ್ಟ. ಬರೆಯುವಾಗ ಈ ಭಾರದ ಸುಳಿವೇ ಇರುವುದಿಲ್ಲ. ಪುಟಕ್ಕೆ 215 ಪದದ ಲೆಕ್ಕದಲ್ಲಿ ಇಡೀ ಕಾದಂಬರಿ ಸುಮಾರು 45,000 ಪದ. ಯೂನಿಕೋಡಿನಲ್ಲಿ ಟೈಪಿಸಿದ ಬರಿಯ ಪಠ್ಯ ಒಂದೂವರೆ ಎಂಬಿಯೂ ಆಗದು, ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಜಾಗ ಹಿಡಿಯದು. ಲೇಖಕನೇ ಪ್ರಕಾಶಕನೂ ಆದ ದಿನದಿಂದ ಬರೆಯುವ ಕೆಲಸ ಕಡಿಮೆ, ಹೊರುವ ಕೆಲಸ ಹೆಚ್ಚು.

ಈ ಹೊರೆಯನ್ನು ಕನ್ನಡದಲ್ಲಿ ಅಕ್ಷರಶಃ ತಲೆಯ ಮೇಲೆ ಹೊತ್ತವರು ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಈಗಿನ ಹಾವೇರಿ ಜಿಲ್ಲೆಯವರು, ಶಾಲಾ ಮಾಸ್ತರರಾಗಿದ್ದವರು. ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು, ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ನಮ್ಮ ಕಾಲು ಕಿಲೋ ಪುಸ್ತಕದ ಅಳತೆಯಲ್ಲೇ ನೋಡಿ: 20 ಕಿಲೋ ತಲೆಹೊರೆಯಲ್ಲಿ ಹಿಡಿಸುವುದು 80 ಪ್ರತಿ. ಸಾವಿರ ಪ್ರತಿ ಖಾಲಿಯಾಗಲು ಹದಿಮೂರು ಸಲ ಗಂಟು ಕಟ್ಟಬೇಕು, ಅದೂ ಹೊತ್ತೊಯ್ದದ್ದರಲ್ಲಿ ಒಂದೂ ವಾಪಸು ಬರದಿದ್ದರೆ.

ಹೊರುವ ಕೆಲಸ ಬೇರೆಯವರ ಪಾಲಿಗೆ ಹೋದರೆ ಒಂದು ಕೈ ಎಷ್ಟು ಬರೆದೀತು ಎಂಬುದಕ್ಕೆ ಎನ್. ನರಸಿಂಹಯ್ಯ ಇದ್ದಾರೆ. ಓದಿದ್ದು ನಾಲ್ಕನೇ ಕ್ಲಾಸು. 1950ರ ದಶಕದ ಆರಂಭದಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕನ್ನಡಕ್ಕೆ ತಂದರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ 500ಕ್ಕೂ ಹೆಚ್ಚು ಕಾದಂಬರಿಗಳಿದ್ದವು. ಐವತ್ತು ವರ್ಷಕ್ಕೆ ಹಂಚಿದರೂ ವರ್ಷಕ್ಕೆ ಹತ್ತು, 36 ದಿನಕ್ಕೊಂದು. ಭಯದ ಕಥೆಗಳ ಜಗತ್ತಿನ ದೊರೆ ಸ್ಟೀಫನ್ ಕಿಂಗ್ 1974ರಿಂದ ಈಚೆಗೆ ಬರೆದಿರುವುದು ಅರವತ್ತು ಚಿಲ್ಲರೆ. ನರಸಿಂಹಯ್ಯನವರ ಒಂದೊಂದು ಪುಸ್ತಕವೂ ಬರೀ ನೂರು ಪುಟ, ಬರೀ ಸಾವಿರ ಪ್ರತಿ ಎಂದುಕೊಂಡರೂ ಒಟ್ಟು ಐದು ಲಕ್ಷ ಪುಸ್ತಕ, 60 ಟನ್ ಕಾಗದ. ಹತ್ತು ಟನ್ನಿನ ಆರು ಲಾರಿ ಲೋಡು!

ಮೂರನೆಯ ದಾರಿ ರವಿ ಬೆಳಗೆರೆಯವರದು. ಮಾಟಮಂತ್ರ, ವಾಮಾಚಾರದ ಜಗತ್ತನ್ನು ‘ಮಾಟಗಾತಿ’, ‘ಸರ್ಪ ಸಂಬಂಧ’ಗಳಲ್ಲಿ ತೆರೆದಿಟ್ಟ ಅವರು 1995ರಲ್ಲಿ ವಾರಪತ್ರಿಕೆ ಕಟ್ಟಿ ಮೊದಲು ಓದುಗರನ್ನು ಸಂಪಾದಿಸಿಕೊಂಡರು. ಪುಸ್ತಕ ತಂದದ್ದು ತಮ್ಮದೇ ಭಾವನಾ ಪ್ರಕಾಶನದಿಂದ. ಎಪ್ಪತ್ತಕ್ಕೂ ಮಿಕ್ಕ ಪುಸ್ತಕಗಳ ಭಾರವನ್ನು ವಾರವಾರವೂ ಪೇಪರಿಗೆ ಕಾಯುತ್ತಿದ್ದ ಜನರೇ ಹೊತ್ತರು.

ಅಂಥ ಪತ್ರಿಕೆ ಇಲ್ಲದವನ ಗತಿ? ಮುಖಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರ ಕಮಿಷನ್ ಶೇ 40 ಕಳೆದರೆ ಕೈಗೆ 120. ಅಚ್ಚಿನ ಖರ್ಚು ಪ್ರತಿಗೆ 80 ಎಂದರೆ ಹಾಕಿದ ದುಡ್ಡು 80,000. ಅದು ಮರಳಲು 667 ಪ್ರತಿ ಹೋಗಬೇಕು. ಅಲ್ಲಿಯತನಕ ಹೆದರಿಕೆ ಓದುಗನಿಗಲ್ಲ, ಲೇಖಕನಿಗೇ. ಸಾವಿರವೂ ಬಿಕರಿಯಾದರೆ ಉಳಿಯುವುದು 40,000, ಅಂದರೆ ಪದಕ್ಕೆ 90 ಪೈಸೆಗಿಂತ ಕಡಿಮೆ. ಕಿಂಗ್ ಅವರ ಮೊದಲ ಕಾದಂಬರಿ ‘ಕ್ಯಾರಿ’ಗೆ ಸಿಕ್ಕ ಮುಂಗಡ 2,500 ಡಾಲರ್ ಮಾತ್ರ. ಆದರೆ ಪೇಪರ್‌ಬ್ಯಾಕ್ ಹಕ್ಕು ನಾಲ್ಕು ಲಕ್ಷ ಡಾಲರಿಗೆ ಹೋಯಿತು, ಅರ್ಧ ಅವರ ಪಾಲು. ಸುಮಾರು 60,000 ಪದದ ಪುಸ್ತಕವದು, ಪದಕ್ಕೆ ಮೂರು ಡಾಲರಿಗೂ ಮೇಲೆ ಬಿತ್ತು.

ಸರ್ಕಾರಿ ಖರೀದಿಗೆ ಆಯ್ಕೆಯಾದರೆ ಗ್ರಂಥಾಲಯ ಇಲಾಖೆ ತೆಗೆದುಕೊಳ್ಳುವುದು 300 ಪ್ರತಿ. ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳೇ ಆರು ಸಾವಿರದ ಹತ್ತಿರ. ಪಂಚಾಯತಿಗೊಂದರಂತೆ ಹಂಚಹೊರಟರೆ ಇಪ್ಪತ್ತರಲ್ಲಿ ಹತ್ತೊಂಬತ್ತಕ್ಕೆ ಸಿಗದು. ಅಂಚೆಯಲ್ಲಿ ಕಳಿಸೋಣವೆಂದರೆ 2025ರಲ್ಲಿ ಬಂದ ‘ಜ್ಞಾನ್ ಪೋಸ್ಟ್’ ಯೋಜನೆಯಲ್ಲಿ 300 ಗ್ರಾಂ ತನಕ 20 ರೂಪಾಯಿ ದರ. ನಮ್ಮ ಕಾಲು ಕಿಲೋ ತೂಕದಲ್ಲೇನೋ ಪಾಸು. ಆದರೆ ಆ ರಿಯಾಯಿತಿ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಮೋಹಿನಿ ಯಾವ ಪಟ್ಟಿಗೆ ಸೇರುತ್ತಾಳೋ ಕೌಂಟರಿನವರೇ ಹೇಳಬೇಕು.

ತೂಕವೇ ಇಲ್ಲದ ಪುಸ್ತಕ ಬಂದಾಗ ಕನ್ನಡಕ್ಕೆ ಬಾಗಿಲು ತೆರೆಯಲಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. 2011ರ ಜನಗಣತಿಯಲ್ಲಿ ಮಲಯಾಳಂ ಮಾತೃಭಾಷಿಕರು 3.48 ಕೋಟಿ, ಕನ್ನಡದವರು 4.37 ಕೋಟಿ. ಸುಮಾರು 90 ಲಕ್ಷ ಜನ ಹೆಚ್ಚಿದ್ದ ಭಾಷೆ ಹೊರಗುಳಿಯಿತು. ಕಾಗದ, ಕಂಪನಿ ಯಾವುದೂ ಇಲ್ಲದೆ ಹೆದರಿಕೆ ಹಬ್ಬುತ್ತದೆ ಎನ್ನುವುದನ್ನು ಮಾತ್ರ ಕನ್ನಡಿಗರು ಆಗಲೇ ಕಂಡಿದ್ದರು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘ನಾಳೆ ಬಾ’ಗೆ ಲೇಖಕನಿಲ್ಲ, ಪ್ರಕಾಶಕನಿಲ್ಲ, ಇರುವುದೇ ಎರಡು ಪದ. ಇಪ್ಪತ್ತೈದು ವರ್ಷದ ಮೇಲೆ, 2018ರಲ್ಲಿ, ಅದೇ ಕಥೆ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಆಗಿ ದೇಶವನ್ನೆಲ್ಲ ಸುತ್ತಿತು.

ಹಾಗಾದರೆ ಸಾವಿರ ಪ್ರತಿ ಹೆಚ್ಚೋ ಕಡಿಮೆಯೋ? ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2023–24ರಲ್ಲಿ ಓಡಾಡಿದವರು ಸುಮಾರು 3.75 ಕೋಟಿ. ದಿನಕ್ಕೆ ಲಕ್ಷ ದಾಟುತ್ತದೆ. ಅಲ್ಲಿ ಸಾವಿರ ಜನ ಹಾದುಹೋಗಲು ಕಾಲು ಗಂಟೆಯೂ ಬೇಡ. ಅವರನ್ನು ಬಿಡಿ, ಹಾರಿಹೋಗುವವರು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕೇ ತಾಲ್ಲೂಕಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 9,90,923. ಸಾವಿರ ಮಂದಿಯಲ್ಲಿ 999 ಜನ ಬೇಡವೆಂದು ಮುಖ ತಿರುಗಿಸಿ, ಒಬ್ಬರೇ ಕೊಂಡರೂ 991 ಪ್ರತಿ ಖರ್ಚಾಗುತ್ತದೆ. ಉಳಿದ ಒಂಬತ್ತು ಗೌರವ ಪ್ರತಿ.