ಕಣಕ್ಕೆ ಬಂದ ವಿಶ್ವವಿದ್ಯಾಲಯ

ಮಂಡ್ಯ ಸೀಮೆಯ ನಮ್ಮೂರಲ್ಲಿ ಹಿರಿಯರು ಒಂದು ಬಗೆಯ ರಾಗಿಯನ್ನು ಇವತ್ತಿಗೂ ‘ಇಂಡಾಪು’ ಎಂದೇ ಅನ್ನುವುದು. ಚಿಕ್ಕಂದಿನಲ್ಲಿ ಅದು ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡಿದ್ದೆ. ಸುಗ್ಗಿಯಲ್ಲಿ ಮೆದೆ ಒಟ್ಟುವಾಗ ಅಜ್ಜ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ನನ್ನ ಕೈಗೆ ಸುರಿಯುತ್ತಿದ್ದರು. “ನೋಡ್ಲಾ ಮಗ, ನಾಟಿ ರಾಗಿ ತೆನೆ ಇದರರ್ಧ ಇರ್ತಿತ್ತು.” ಆ ಹೆಸರಿನೊಳಗೆ ಎರಡು ದೇಶಗಳ ಮಣ್ಣಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಎರಡೂ ಸೇರಿ ಇಂಡಾಫ್.

ಸೇರಿಸಿದವರು ಸಿ.ಎಚ್. ಲಕ್ಷ್ಮಣಯ್ಯ. ಜನರ ಬಾಯಲ್ಲಿ ಅವರು ರಾಗಿ ಲಕ್ಷ್ಮಣಯ್ಯ. ಸೇರಿಸಿದ ಜಾಗ ಮಂಡ್ಯದ ವಿ.ಸಿ. ಫಾರಂ. ಕನ್ನಂಬಾಡಿಯ ನೀರು ನಾಲೆಗೆ ಹರಿದ ಕಾಲದಲ್ಲಿ, ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಶುರುವಾದ ಪ್ರಯೋಗದ ಹೊಲ ಅದು.

ರಾಗಿಯನ್ನು ಸಂಕರ ಮಾಡುವುದು ಎಂಥ ಕಷ್ಟದ ಕೆಲಸ ಎಂದು ತಿಳಿಯಬೇಕಾದರೆ ಅದರ ಹೂವನ್ನು ನೋಡಬೇಕು. ನೋಡಲು ಬೆಳಗಿನ ಜಾವಕ್ಕೇ ಏಳಬೇಕು, ಏಕೆಂದರೆ ಊರು ಮಲಗಿರುವಾಗಲೇ ಅದು ಅರಳಿ ಮುಗಿಸಿರುತ್ತದೆ. ತೆನೆಯ ಒಂದೊಂದು ಇಲುಕಿನಲ್ಲೂ ಸಾಲುಸಾಲು ಹೂವು; ಒಂದೊಂದರಲ್ಲೂ ಮೂರು ಪರಾಗಕೋಶ, ಬರಿಗಣ್ಣಿಗೆ ದೂಳಿನ ಕಣದಷ್ಟು. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವುದರಿಂದ ಹೊರಗಿನ ಪರಾಗ ಬರುವ ಮೊದಲೇ ಕಾಳು ಕಟ್ಟುವ ಕೆಲಸ ಆಗಿಹೋಗಿರುತ್ತದೆ. ಬತ್ತದ ಹೂವಿನಲ್ಲಾದರೆ ಚಿಮುಟದಿಂದ ಪರಾಗಕೋಶ ಎತ್ತಿಬಿಡಬಹುದು. ಇಲ್ಲಿ ಅದಕ್ಕೆ ಬೆಟ್ಟದಷ್ಟು ತಾಳ್ಮೆ ಬೇಕು. ಹಾಗಾಗಿ ತಳಿಗಾರರು ಇನ್ನೊಂದು ದಾರಿ ಹಿಡಿದರು. ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿ, ತಾವಾಗಿ ಬೆರೆಯಲು ಬಿಡುವುದು. ತಾಯಿ ಹಸಿರು ಗಿಡ, ತಂದೆ ನೇರಳೆ ಛಾಯೆಯ ಗಿಡ. ತಾಯಿಯ ಕಾಳು ಬಿತ್ತಿದಾಗ ನೂರಾರು ಹಸಿರು ಸಸಿಗಳ ನಡುವೆ ಎಲ್ಲೋ ಒಂದು ನೇರಳೆ ತಲೆ ಎತ್ತಿದರೆ, ಅದೇ ಸಂಕರದ ಕೂಸು. ಆಮೇಲೆ ಆರೇಳು ತಲೆಮಾರು ಬಿತ್ತಿ, ಆಯ್ದು, ಮತ್ತೆ ಬಿತ್ತಬೇಕು.

ಲಕ್ಷ್ಮಣಯ್ಯನವರ ಕೈಯಲ್ಲಿ ಮೊದಲು ಅರುಣ, ಉದಯ, ಅನ್ನಪೂರ್ಣ, ಕಾವೇರಿಯಂಥ ತಳಿಗಳು ಬಂದವು. ಆಮೇಲೆ ಅವರ ಕಣ್ಣು ಆಫ್ರಿಕಾದ ರಾಗಿಯ ಮೇಲೆ ಬಿತ್ತು. ದಪ್ಪ ಕಾಂಡ, ದೊಡ್ಡ ತೆನೆಯ ಗಿಡಗಳವು. ರಾಗಿಯ ತವರೇ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮದಾದ ಧಾನ್ಯ. ದೂರವಾಗಿದ್ದ ದಾಯಾದಿಗಳು ಮಂಡ್ಯದ ಮಡಿಯಲ್ಲಿ ಮತ್ತೆ ಕಲೆತರು ಅಂದರೆ ತಪ್ಪಾಗಲಾರದು. ಎಪ್ಪತ್ತರ ದಶಕದಿಂದ ಇಂಡಾಫ್ ತಳಿಗಳು ಸಾಲಾಗಿ ಹೊಲಕ್ಕಿಳಿದವು. ಮುಂಗಾರಿಗೊಂದು, ಚಳಿಗಾಲಕ್ಕೊಂದು, ಬೇಸಿಗೆಯ ನೀರಾವರಿಗೆ ಮತ್ತೊಂದು.

ಇದರ ನಡುವೆ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಕೆ.ಸಿ. ನಾಯಕ್ ಮೊದಲ ಕುಲಪತಿ. ಅಮೆರಿಕದಲ್ಲಿ 1862ರ ಕಾಯಿದೆಯಿಂದ ಬೆಳೆದ, ಸರ್ಕಾರ ಜಮೀನು ಕೊಟ್ಟು ಕಟ್ಟಿಸಿದ ಕಾಲೇಜುಗಳು ಇದಕ್ಕೆ ಮಾದರಿ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅದರ ಜೀವಾಳ. ಇಲಾಖೆಯ ಕೈಯಲ್ಲಿದ್ದ ಸಂಶೋಧನಾ ಕೇಂದ್ರಗಳು ಹೊಸ ವಿಶ್ವವಿದ್ಯಾಲಯದ ಸುಪರ್ದಿಗೆ ಬಂದವು, ವಿ.ಸಿ. ಫಾರಂ ಕೂಡ. ‘ವಿಸ್ತರಣೆ’ ಎಂಬ ಮಾತು ಕಚೇರಿಯ ಕಡತದಂತೆ ಕೇಳಿಸುತ್ತದೆ. ಆದರೆ ನನ್ನ ಮಟ್ಟಿಗೆ ವಿಶ್ವವಿದ್ಯಾಲಯದ ಮೂರು ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದೇ. ರೈತನ ಹೊಲದಲ್ಲೇ ಎರಡು ಪಟ್ಟೆ ಬಿತ್ತಿ, ಒಂದು ಅವನ ಬೀಜ, ಒಂದು ನಮ್ಮ ಬೀಜ, ಸುಗ್ಗಿಯಲ್ಲಿ ನೀವೇ ತೂಗಿ ನೋಡಿ ಎಂದು ನಿಲ್ಲಲು ಎದೆ ಬೇಕು.

ಹೀಗೆ ನಿಂತವರಿಗೆ ಊರು ಪಾಠವನ್ನೂ ಹೇಳಿತು. ಕೆಲವು ಇಂಡಾಫ್ ತಳಿಗಳು ಬೆಂಕಿರೋಗಕ್ಕೆ ತುತ್ತಾದವು. ಕತ್ತು ಕಪ್ಪಾಗಿ, ತೆನೆ ಜೊಳ್ಳಾಗಿ ನಿಲ್ಲುತ್ತಿತ್ತು. ವಿಜ್ಞಾನಿಗಳು ಮತ್ತೆ ಮಡಿಗೆ ಇಳಿದರು. ತೊಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಬೆಂಗಳೂರಿನ ಜಿಕೆವಿಕೆ ಆವರಣದಿಂದ ಬಂದ ಜಿಪಿಯು-28 ಬೆಂಕಿರೋಗವನ್ನು ತಾಳಿಕೊಂಡಿತು. ಇವತ್ತು ನಮ್ಮ ಮುದ್ದೆಯಲ್ಲಿ ಅದರ ಪಾಲು ದೊಡ್ಡದು. ಅದರ ವಂಶಾವಳಿ ತೆಗೆದು ನೋಡಿದರೆ ಇಂಡಾಫ್-5, ಇಂಡಾಫ್-9 ಎರಡೂ ಅಲ್ಲಿವೆ.

ಒಂದು ನೋವೂ ಇದೆ. ಹೊಸ ತಳಿ ಬಂದಂತೆ ಗುಟ್ಟೆ ರಾಗಿ, ಹಸಿರುಕಂಬಿ, ಜೇನುಗೂಡು, ರುದ್ರಜಡೆ ಹಗೇವಿನಿಂದ ಮರೆಯಾದವು. ಇವುಗಳನ್ನು ಯಾವ ಪಗಾರವೂ ಇಲ್ಲದೆ ತಲೆತಲಾಂತರ ಆಯ್ದು ಉಳಿಸಿದವರು ನಮ್ಮ ಹೆಂಗಸರು. ತಳಿಗಾರರ ಮಡಿಗೆ ಬಿದ್ದ ಮೊದಲ ಬೀಜ ಹಳ್ಳಿಯದೇ. ಆ ಸಾಲವನ್ನು ವಿಶ್ವವಿದ್ಯಾಲಯ ಬೀಜದ ರೂಪದಲ್ಲೇ ತೀರಿಸಬೇಕು. ಹಳೆಯ ತಳಿಗಳನ್ನು ಶೀತಲಗೃಹದಲ್ಲಿ ಕಾಪಾಡಿದರೆ ಸಾಲದು, ಕೇಳಿ ಬಂದವರ ಸೆರಗಿಗೂ ಹಾಕಬೇಕು.

ಜಿಕೆವಿಕೆಯ ಕೃಷಿ ಮೇಳಕ್ಕೆ ಒಮ್ಮೆ ಹೋಗಿದ್ದೆ. ರಾಗಿ ತಾಕಿನ ಮುಂದೆ ಒಬ್ಬ ಹೆಣ್ಣುಮಗಳು ತೆನೆ ಕಿತ್ತು, ಅಜ್ಜನ ಹಾಗೇ ಅಂಗೈಯಲ್ಲಿ ಉಜ್ಜಿ ಊದಿದರು. ವಿಜ್ಞಾನಿ ಎಕರೆಗೆ ಎಷ್ಟು ಕ್ವಿಂಟಲ್ ಎಂದು ಹೇಳಲು ಹೊರಟರೆ ಅವರು ಕೇಳಿದ್ದೇ ಬೇರೆ. “ಹುಲ್ಲು ಏಟುದ್ದ ಬತ್ತದೆ ಸಾಮಿ? ಎರಡು ಹಸ ಅವೆ.” ವಿಜ್ಞಾನಿ ತಾಕಿಗಿಳಿದು ಒಂದು ಪೈರನ್ನು ತಮ್ಮ ಎದೆಗೆ ಆನಿಸಿ ತೋರಿಸಿದರು. ಆಯಮ್ಮ ಕಾಂಡವನ್ನು ಹಿಸುಕಿ ನೋಡಿ, ಸೆರಗಿನ ಗಂಟು ಬಿಚ್ಚಿದರು. “ಒಂದೆಕರೆಗೆ ಆಗೋವಷ್ಟು ಕೊಡಿ.”